ಸಿಕ್ಕಿತಾ, ತಾಗಿತಾ?

ಗೋಕರ್ಣದಲ್ಲಿ ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ನಾನು ಗಣಪತಿಗೆ ಸುಮ್ನೆ ಕೈ ಮುಗಿದು ಹೊರಟಿದ್ದೆ. ಅಮ್ಮ ಮೊಣಕೈಯಲ್ಲಿ ತಿವಿದು, "ನೆತ್ತಿ ನೋಡೋ" ಅಂದಳು. ಎರಡೇ ಕೈಯ, ನಿಂತ ಗಣಪ. ನೆತ್ತಿಯ ಮೇಲೊಂದು ತಗ್ಗು. ರಾವಣ ಗುದ್ದಿದ ಗುರುತಂತೆ.

ಕಥೆ ಎಲ್ಲರಿಗೂ ಗೊತ್ತು. ರಾವಣ ತಪಸ್ಸು ಮಾಡಿ ಶಿವನ ಆತ್ಮಲಿಂಗ ಪಡೆದ. ನೆಲಕ್ಕೆ ಇಡಬಾರದು ಅನ್ನೋದೊಂದೇ ಷರತ್ತು. ವಿಷ್ಣು ಚಕ್ರ ಅಡ್ಡ ಹಿಡಿದು ಸಂಜೆ ಮಾಡಿದ. ಸಂಧ್ಯಾವಂದನೆ ತಪ್ಪಿಸದ ರಾವಣ ಅಲ್ಲಿದ್ದ ಹುಡುಗನ ಕೈಗೆ ಲಿಂಗ ಕೊಟ್ಟ. ಹುಡುಗ ಮೂರು ಸಲ ಕೂಗಿ ಕೆಳಗಿಟ್ಟುಬಿಟ್ಟ. ಅವನೇ ಈ ಗಣಪ.

ನನ್ನನ್ನು ಕಾಡುವುದು ಮುಂದಿನದ್ದು. ರಾವಣ ನಾಸ್ತಿಕನಲ್ಲ. ನಮ್ಮ ಕೇರಿಯ ಪೂಜೆಯೆಲ್ಲ ಸೇರಿಸಿದರೂ ಅವನ ತಪಸ್ಸಿಗೆ ಸಾಟಿಯಿಲ್ಲ. ಅಂಥವನು, ಲಿಂಗ ನೆಲಕ್ಕೆ ಅಂಟಿದಾಗ "ನಿನಗೆ ಇಲ್ಲೇ ಇರೋ ಮನಸ್ಸಾ?" ಅಂತ ಒಂದು ಮಾತು ಕೇಳಲಿಲ್ಲ. ಹಿಡಿದು ಎಳೆದ. ಲಿಂಗ ಹಸುವಿನ ಕಿವಿಯ ಹಾಗೆ ತಿರುಚಿಕೊಂಡಿತು, ಮೇಲೆ ಬರಲಿಲ್ಲ. ಅವನ ಬಲಕ್ಕೂ ಜಗ್ಗದ್ದಕ್ಕೇ ಮಹಾಬಲ ಅನ್ನೋ ಹೆಸರು. ಲಿಂಗಕ್ಕೆ ಹೊದಿಸಿದ್ದ ಬಟ್ಟೆಯನ್ನು ಸಿಟ್ಟಿನಲ್ಲಿ ಕಿತ್ತೆಸೆದಾಗ ಅದು ಮುರ್ಡೇಶ್ವರದಲ್ಲಿ ಬಿತ್ತು ಅಂತಾರೆ. ಕಷ್ಟಪಟ್ಟು ಪಡೆದೆ, ಇನ್ನು ನೀನು ನಾನು ಹೇಳಿದಲ್ಲಿಗೆ ಬರಬೇಕು. ಅಷ್ಟೇ ಅವನ ಲೆಕ್ಕ.

ಈ ಲೆಕ್ಕ ನನಗೂ ಬರುತ್ತೆ. ಒಂದು ಕೆಲಸ ಆಗಲಿ ಅಂತ 16 ಸೋಮವಾರ ಉಪವಾಸ ಮಾಡಿದ್ದೆ. ಆಗಲಿಲ್ಲ. ಮುಂದಿನ ಸೋಮವಾರ ಬೇಕಂತಲೇ ಬೆಳಿಗ್ಗೆ ಗಡದ್ದಾಗಿ ದೋಸೆ ತಿಂದೆ. ಎರಡು ವರ್ಷ ದೇವರ ಕೋಣೆಗೆ ಕಾಲಿಡಲಿಲ್ಲ. ದೀಪ ಅಮ್ಮ ಹಚ್ಚುತ್ತಿದ್ದಳು. ಆ ಬಾಗಿಲು ದಾಟುವಾಗ ನಾನು ಮುಖ ತಿರುಗಿಸುತ್ತಿದ್ದೆ, ನೋಡಲಿ ಅಂತ. (ಯಾರು ನೋಡಲಿ? ಅವನೇ ತಾನೇ!)

ಗರ್ಭಗುಡಿಯಲ್ಲಿ ಅಂಗಿ ತೆಗೆದು ಬಗ್ಗಿದೆ. ಮಹಾಬಲೇಶ್ವರ ಕಣ್ಣಿಗೆ ಕಾಣುವುದಿಲ್ಲ. ಪೀಠದ ನಡುವೆ ಒಂದು ತೂತು, ಅದರ ತುಂಬ ನೀರು, ಬಿಲ್ವಪತ್ರೆ. "ಬೆರಳು ಇಳಿಸಿ" ಅಂದರು ಭಟ್ಟರು. ಇಳಿಸಿದೆ. ತಣ್ಣಗೆ ಏನೋ ತಾಗಿತು. ನನಗೆ ಗೊತ್ತಿಲ್ಲದೆಯೇ ಬೆರಳು ಮಡಚಿ ಹಿಡಿಯಲು ನೋಡಿದೆ. ಹಿಡಿಗೆ ಬರುವಷ್ಟು ಜಾಗವೇ ಇಲ್ಲ. ಬೆರಳು ನೇರ ಮಾಡಿ ಹಾಗೇ ಇಟ್ಟುಕೊಂಡೆ. ಹಿಂದೆ ಸಾಲು ಕಾಯುತ್ತಿತ್ತು.

ಹೊರಗೆ ಬಂದಾಗ ಅಮ್ಮ ಕೇಳಿದಳು, "ಸಿಕ್ಕಿತಾ?"

"ತಾಗಿತು" ಅಂದೆ.