ಸೊನ್ನೆ ಸ್ನ್ಯಾಪ್

ನಮ್ಮ ಹಳೇ ಹೆಡ್ ಕೋಚ್‌ನನ್ನು ಮನೆಗೆ ಕಳಿಸಿದ್ದು 2023ರ ನವೆಂಬರ್ 26, ಭಾನುವಾರ. ಅವನ ಇಮೇಲ್ ಖಾತೆ ಮಾತ್ರ ಡಿಸೆಂಬರ್ 5ರವರೆಗೂ ಉಸಿರಾಡುತ್ತಿತ್ತು. ಈ ಎರಡು ತಾರೀಖುಗಳ ನಡುವೆ ನಾನೊಂದು ಪಟ್ಟಿ ಮಾಡಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ನಾನಿರುವುದು ಅಮೆರಿಕದ ಮಿಡ್‌ವೆಸ್ಟಿನ ಒಂದು ಯೂನಿವರ್ಸಿಟಿ ಫುಟ್ಬಾಲ್ ತಂಡದ ಪ್ಲೇಯರ್ ಪರ್ಸನೆಲ್ ವಿಭಾಗದಲ್ಲಿ, ಅಂದರೆ ಯಾವ ಆಟಗಾರರನ್ನು ತರಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂದು ನೋಡುವ ಕಡೆ. ಸ್ಟ್ಯಾಟಿಸ್ಟಿಕ್ಸ್ ಎಂಎಸ್ ಮಾಡಲು ಬಂದವನು, ಕೈಖರ್ಚಿಗೆ ಅಂತ ಫಿಲ್ಮ್ ಟ್ಯಾಗ್ ಮಾಡಲು (ಪಂದ್ಯದ ವಿಡಿಯೋಗೆ ಗುರುತು ಹಾಕಲು) ಸೇರಿಕೊಂಡು ಇಲ್ಲೇ ಉಳಿದುಬಿಟ್ಟೆ. "ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡೋದಕ್ಕೆ ಫುಟ್ಬಾಲ್ ಅಂತ ಯಾಕೋ ಅಂತಾರೆ?" ಎಂದು ದಾವಣಗೆರೆಯಿಂದ ಅಮ್ಮ ಈಗಲೂ ಕೇಳುತ್ತಾಳೆ. ನನಗೂ ಗೊತ್ತಿಲ್ಲ.

ಹೊಸ ಕೋಚ್ ಬಂದಿದ್ದು ಡಿಸೆಂಬರ್ 1, ಶುಕ್ರವಾರ. ದೇಶಕ್ಕೆಲ್ಲ ಪೋರ್ಟಲ್, ಅಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಹೆಸರು ಹಾಕುವ ಪಟ್ಟಿ, ತೆರೆಯುವುದು ಸೋಮವಾರ 4ಕ್ಕೆ. ಹೈಸ್ಕೂಲ್ ಹುಡುಗರು ಸಹಿ ಹಾಕುವ ಅರ್ಲಿ ಸೈನಿಂಗ್ 20ಕ್ಕೆ. ಕೋಚ್ ಹೋದ ತಂಡದ ಹುಡುಗರಿಗೆ ಮಾತ್ರ ಅವನು ಹೋದ ಮಾರನೇ ದಿನದಿಂದಲೇ ಪೋರ್ಟಲ್‌ಗೆ ಹೋಗಲು 30 ದಿನದ ಕಿಟಕಿ ಇರುತ್ತಿತ್ತು ಆಗ. ಅಂದರೆ ನಾವು ಅಂಗಡಿಗೆ ಹೋಗುವ ಮುಂಚೆಯೇ ನಮ್ಮ ಮನೆ ಬಾಗಿಲು ತೆರೆದೇ ಇತ್ತು. ಆದರೂ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಅಂಗಡಿಯದ್ದೇ ಮಾತು. ವರ್ಷಕ್ಕೆ 25 ಹೊಸಬರು ಎಂಬ ಹಳೇ ಮಿತಿ ಹೋಗಿತ್ತು, ಆಗ ಇದ್ದ 85 ಸ್ಕಾಲರ್‌ಶಿಪ್ ಒಳಗೆ ಯಾರನ್ನು ಬೇಕಾದರೂ ತುಂಬಿಕೊಳ್ಳಬಹುದಿತ್ತು. ಹಿಂದಿನ ವರ್ಷ ಡಿಯೋನ್ ಸ್ಯಾಂಡರ್ಸ್ ಕೊಲರಾಡೊಗೆ ಕೋಚ್ ಆಗಿ ಹೋಗಿ ಹೆಚ್ಚುಕಮ್ಮಿ ಇಡೀ ತಂಡವನ್ನೇ ಬದಲಿಸಿದ್ದ. ನಮ್ಮ ಡೈರೆಕ್ಟರ್ ದಿನಕ್ಕೆರಡು ಸಲ ಅದನ್ನು ಹೇಳುತ್ತಿದ್ದ. ಮೊದಲ ಮೂರು ಪಂದ್ಯ ಗೆದ್ದು ಕುಣಿದ ಆ ಕೊಲರಾಡೊ ಸೀಸನ್ ಮುಗಿಸಿದ್ದು 4 ಗೆಲುವು, 8 ಸೋಲಿನಲ್ಲಿ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಶನಿವಾರ ರಾತ್ರಿ ಹೊಸ ಕೋಚ್ ಕೇಳಿದ್ದು ಒಂದೇ: "ನಮ್ಮ ಹುಡುಗರಲ್ಲಿ ಮೊದಲು ಯಾರಿಗೆ ಫೋನ್ ಮಾಡಲಿ? ಬೆಳಗ್ಗೆ ಏಳಕ್ಕೆ ಲಿಸ್ಟ್ ಬೇಕು." ಒಂದೊಂದು ಸ್ಥಾನದ ಹುಡುಗರನ್ನು ನೋಡಿಕೊಳ್ಳುವ ಪೊಸಿಷನ್ ಕೋಚ್‌ಗಳಲ್ಲಿ ಅರ್ಧ ಜನ ಪೆಟ್ಟಿಗೆ ಕಟ್ಟುತ್ತಿದ್ದರು, ಇನ್ನರ್ಧ ಬೇರೆ ಕಡೆ ಕೆಲಸ ಹುಡುಕುತ್ತಿದ್ದರು. ಹುಡುಗರನ್ನು ಬಲ್ಲವರನ್ನು ಕೇಳೋಣವೆಂದರೆ ಯಾರೂ ಇಲ್ಲ. ನಾನು ಆಟಗಾರರ ಲೆಕ್ಕವಿಡುವ ಸಾಫ್ಟ್‌ವೇರ್ ತೆರೆದೆ. ಸ್ಕಾಲರ್‌ಶಿಪ್ ಇಲ್ಲದೆ ಆಡುವ ವಾಕ್-ಆನ್‌ಗಳೂ ಸೇರಿ ನೂರಾ ಹತ್ತು ಚಿಲ್ಲರೆ ಹೆಸರು. ಆ ಸೀಸನ್ನಿನ ಸ್ನ್ಯಾಪ್ ಎಣಿಕೆಯ ಮೇಲೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದೇ ಸ್ನ್ಯಾಪ್; ಎಷ್ಟು ಸ್ನ್ಯಾಪ್ ಅಂದರೆ ಅಷ್ಟು ಸಲ ಮೈದಾನದಲ್ಲಿದ್ದ ಅಂತ), ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಒತ್ತಿದೆ. ಮೊದಲ ಮೂವತ್ತು ಕೋಚ್‌ಗೆ, ಮುಂದಿನ ಮೂವತ್ತು ಡೈರೆಕ್ಟರ್‌ಗೆ ಮತ್ತು ಚೀಫ್ ಆಫ್ ಸ್ಟಾಫ್‌ಗೆ, ಉಳಿದವರಿಗೆ ಗ್ರೂಪ್ ಟೆಕ್ಸ್ಟ್.

ನಮ್ಮ ಸೆಂಟರ್, ಅಂದರೆ ಲೈನಿನ ನಡುವೆ ನಿಂತು ಚೆಂಡನ್ನು ಸ್ನ್ಯಾಪ್ ಮಾಡುವವನು, 97ನೆಯವನು. ಆಗಸ್ಟ್ ಕ್ಯಾಂಪಿನಲ್ಲಿ ಮಂಡಿಯ ಎಸಿಎಲ್ ಲಿಗಮೆಂಟ್ ಹರಿದುಕೊಂಡವನು. ಸ್ನ್ಯಾಪ್: ಸೊನ್ನೆ.

ಕಣ್ತಪ್ಪಿನಿಂದ ಆಯಿತು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ರಾತ್ರಿ ಒಂದೂವರೆಗೆ ಆ ಹೆಸರು ಅಲ್ಲಿ, ಮೂವರು ಕಿಕ್ಕರ್‌ಗಳ ನಡುವೆ ಇರುವುದನ್ನು ನೋಡಿದೆ. ಒಂದು ಕ್ಷಣ ಮೌಸ್ ನಿಂತಿತು. ಆಮೇಲೆ, 'ಮಂಡಿ ಕಟ್ಟಿಕೊಂಡವನು ಎಲ್ಲಿಗೆ ಹೋಗ್ತಾನೆ, ಯಾರು ತಗೋತಾರೆ' ಎಂದುಕೊಂಡು ಸೇವ್ ಒತ್ತಿ ಮಲಗಿದೆ.

ಮಂಗಳವಾರ ಬೆಳಗ್ಗೆ 8:40. ಸ್ಟಾಫ್ ಮೀಟಿಂಗ್. ಪ್ರೊಜೆಕ್ಟರ್ ಮೇಲೆ ಓ-ಲೈನ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಐವರ ಸಾಲು) ಬೋರ್ಡು, ಪೋರ್ಟಲ್‌ನಿಂದ ಯಾರನ್ನು ತರಬೇಕು ಎಂಬ ಚರ್ಚೆ. ಲ್ಯಾಪ್‌ಟಾಪ್ ನನ್ನದೇ, ಪೋರ್ಟಲ್‌ಗೆ ಹೊಸ ಹೆಸರು ಬಂದರೆ ಬರುವ ಅಲರ್ಟ್ ಆಫ್ ಮಾಡಿರಲಿಲ್ಲ. ಪರದೆಯ ಮೂಲೆಯಲ್ಲಿ ಟಣ್ ಎಂದು ಒಂದು ಚೌಕ ಎದ್ದಿತು. ಹೆಸರು, ಪೊಸಿಷನ್ ಸಿ ಅಂದರೆ ಸೆಂಟರ್, ಪಕ್ಕದಲ್ಲಿ ನಮ್ಮದೇ ಯೂನಿವರ್ಸಿಟಿಯ ಲೋಗೊ. ನನ್ನ ಎದೆ ಧಸಕ್ಕೆಂದಿತು. ಇಪ್ಪತ್ತು ಜನ ತಲೆಯೆತ್ತಿ ಅದನ್ನೇ ಓದುತ್ತಿದ್ದಾರೆ, ನಾನು ಚೌಕ ಮುಚ್ಚಲು ಹೋಗಿ ಇನ್ನೂ ದೊಡ್ಡದು ಮಾಡಿದೆ.

ಡೈರೆಕ್ಟರ್ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಹುಡುಗ ಸೋಮವಾರ ಬೆಳಗ್ಗೆ ಒಂಬತ್ತಕ್ಕೇ ಬಂದು ಅರ್ಜಿ ಕೊಟ್ಟಿದ್ದ. ಪೋರ್ಟಲ್‌ಗೆ ಹೆಸರು ಹಾಕಲು ಅವರಿಗೆ ಎರಡು ಕೆಲಸದ ದಿನ ಸಮಯವಿರುತ್ತದೆ. ಅವನ ಮನಸ್ಸು ತಿರುಗಿಸಲು ನಮಗೂ ಅಷ್ಟೇ ಸಮಯ. "ಹೆಡ್ ಕೋಚ್‌ಗೆ ನಿನ್ನೆಯೇ ಮೇಲ್ ಕಳಿಸಿದ್ದೆವಲ್ಲ" ಎಂದರು ಆ ಕಡೆಯಿಂದ. ಯಾವ ಹೆಡ್ ಕೋಚ್‌ಗೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಕೋಚ್ ಎದ್ದು ಕಾರಿಡಾರಿಗೆ ಹೋದ. ಗಾಜಿನ ಬಾಗಿಲ ಆಚೆ ಫೋನ್ ಹಿಡಿದು ಓಡಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಏಳು ನಿಮಿಷ. ಮೊದಲು ಅವನೇ ಮಾತಾಡುತ್ತಿದ್ದ. ನಾಲ್ಕನೇ ನಿಮಿಷದ ಹೊತ್ತಿಗೆ ಬರೀ ಕೇಳಿಸಿಕೊಳ್ಳುತ್ತಿದ್ದ. ಒಳಗೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತು ಕೇಳಿದ: "ಆ ಲಿಸ್ಟ್ ಯಾರದು?"

ಡೈರೆಕ್ಟರ್ ಹೇಳಿದ: "ಸಾಫ್ಟ್‌ವೇರ್ ಕೊಟ್ಟಿದ್ದು, ಕೋಚ್."

ನನ್ನ ಕೈಯಲ್ಲಿ ಎಚ್‌ಡಿಎಂಐ ಕೇಬಲ್ ಇತ್ತು. ಅದರ ಪಿನ್ನು ಸರಿಯಾಗಿದೆಯೋ ಇಲ್ಲವೋ ಎಂದು ಬಹಳ ಶ್ರದ್ಧೆಯಿಂದ ನೋಡುತ್ತಾ ಕೂತೆ.

ಅವತ್ತು ಸಂಜೆ ನಾನೇ ಆ ಹುಡುಗನಿಗೆ ಫೋನ್ ಮಾಡಿದೆ. ಕೋಪ ಮಾಡಿಕೊಂಡಿದ್ದರೆ ಸುಲಭವಿತ್ತು. ಅವನೂ ಸೇರಿ ನಮ್ಮ ನಾಲ್ವರು ಲೈನ್‌ಮನ್‌ಗಳು ಒಂದೇ ಮನೆಯಲ್ಲಿದ್ದರು. ಭಾನುವಾರ ಉಳಿದ ಮೂವರಿಗೂ ಒಬ್ಬರಾದ ಮೇಲೊಬ್ಬರಿಗೆ ಕೋಚ್ ಫೋನ್ ಬಂತು. ಇವನು ಮಂಡಿಗೆ ಐಸ್ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂತು ಮೂರನ್ನೂ ಕೇಳಿಸಿಕೊಂಡ. ನಾಲ್ಕನೆಯದು ಈಗ ಬರುತ್ತದೆ ಎಂದು ಫೋನನ್ನು ಚಾರ್ಜಿಗೆ ಹಾಕಿದ. ಬಂದಿದ್ದು ಗ್ರೂಪ್ ಟೆಕ್ಸ್ಟ್. "ಆ ಗ್ರೂಪಲ್ಲಿ ಯಾರ್ಯಾರಿದ್ದಾರೆ ಅಂತ ತೆಗೆದು ನೋಡಿದೆ" ಎಂದ. ಅಷ್ಟೇ. ನಾನು ಕಳಿಸಿದ ಗ್ರೂಪ್ ಅದು.

ಆಗಸ್ಟಿನಿಂದ ನವೆಂಬರಿನವರೆಗೆ ಅವನು ಎರಡನೇ ವರ್ಷದ ಸೆಂಟರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫಿಲ್ಮ್ ನೋಡಿಸಿದ್ದು, ಪ್ರೊಟೆಕ್ಷನ್ ಕಾಲ್‌ಗಳನ್ನೆಲ್ಲ (ಯಾರು ಯಾರನ್ನು ತಡೆಯಬೇಕೆಂದು ಕೂಗುವ ಸಂಕೇತಗಳು) ಬಾಯಿಪಾಠ ಮಾಡಿಸಿದ್ದು ನನಗೆ ತಿಳಿದಿದ್ದು ಆಮೇಲೆ. ಹೇಳಿದವನು ಟ್ರೇನರ್. ದಿನಾ ಬೆಳಗ್ಗೆ ಆರಕ್ಕೆ ಆ ಮಂಡಿ ಹಿಡಿದವನು ಅವನು. ಅವನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ವಾರದೊಳಗೆ ಲೆಫ್ಟ್ ಗಾರ್ಡ್ ಹೋದ, ರೈಟ್ ಟ್ಯಾಕಲ್ ಹೋದ, ಇಬ್ಬರೂ ಅದೇ ಮನೆಯ ಲೈನ್‌ಮನ್‌ಗಳು. 13ನೇ ತಾರೀಖು ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟು ಎರಡನೇ ಸಲ ವರ್ಗವಾಗುವವರ ಮೇಲಿನ ತಡೆಯನ್ನೂ ತಾತ್ಕಾಲಿಕವಾಗಿ ನಿಲ್ಲಿಸಿತು. ಎಲ್ಲಿಗೂ ಹೋಗಲಾರ ಎಂದು ನಾವು ನೆಮ್ಮದಿಯಿಂದಿದ್ದ ಬ್ಯಾಕಪ್ ಟ್ಯಾಕಲ್ ಕೂಡ ಹೊರಟ. ಅವತ್ತು ಮಧ್ಯಾಹ್ನ ಎಲ್ಲ ಹುಡುಗರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಬೇಕೆಂದು ಆದೇಶ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅದೇ ದಿನಗಳಲ್ಲಿ ಇಂಡಿಯಾನಾ ಯೂನಿವರ್ಸಿಟಿಗೆ ಕೋಚ್ ಆಗಿ ಹೊಸದಾಗಿ ಬಂದ ಕರ್ಟ್ ಸಿಗ್ನೆಟ್ಟಿ, ತನ್ನ ಹಳೇ ಜೇಮ್ಸ್ ಮ್ಯಾಡಿಸನ್ ತಂಡದಿಂದ 13 ಜನರನ್ನು ಜೊತೆಗೆ ಕರೆತಂದ. 3 ಗೆದ್ದು 9 ಸೋತಿದ್ದ ತಂಡ ಮುಂದಿನ ವರ್ಷ 11 ಪಂದ್ಯ ಗೆದ್ದಿತು. ಅವರೆಲ್ಲ ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿದ್ದವರು. ನಮ್ಮ ಕೋಚ್ ಅದುವರೆಗೆ ಬೇರೆ ಕಡೆ ಕೋಆರ್ಡಿನೇಟರ್ (ಹೆಡ್ ಕೋಚ್‌ನ ಕೈಕೆಳಗಿನವನು) ಆಗಿದ್ದವನು, ಬೆನ್ನಿಗೆ ತಂಡ ಕಟ್ಟಿಕೊಂಡು ಬಂದಿರಲಿಲ್ಲ. ನಾವು ನಾಲ್ಕು ಕಾಲೇಜಿನಿಂದ ನಾಲ್ಕು ಲೈನ್‌ಮನ್ ತಂದೆವು. ಲೈನ್ ಒಟ್ಟಿಗೆ ಒಂದು ಕಡೆ ಸರಿದು ತಡೆಯುವ ಅದೇ ಸ್ಲೈಡ್ ಪ್ರೊಟೆಕ್ಷನ್‌ಗೆ ನಾಲ್ವರ ಬಾಯಲ್ಲಿ ನಾಲ್ಕು ಹೆಸರು. ಮೂರನೇ ಪಂದ್ಯದಲ್ಲಿ ಹಿಂದೆ ದೂರ ನಿಂತವನಿಗೆ ಎಸೆಯುವ ಶಾಟ್‌ಗನ್ ಸ್ನ್ಯಾಪ್ ಕ್ವಾರ್ಟರ್‌ಬ್ಯಾಕ್ ತಲೆಯ ಮೇಲಿಂದ ಹಾರಿ ನಮ್ಮದೇ ಎಂಡ್ ಝೋನ್ ದಾಟಿತು. ಸೇಫ್ಟಿ, ಎದುರಾಳಿಗೆ ಎರಡು ಪಾಯಿಂಟ್. ಬೂತಿನಲ್ಲಿ ನನ್ನ ಪಕ್ಕ ಕೂತವನು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟ.

ಈಗ ನನ್ನ ಶೀಟಿನಲ್ಲಿ 'ಯಾರ ಜೊತೆ ಮನೆ' ಎಂಬ ಕಾಲಂ ಇದೆ. ಟ್ರೇನರ್‌ಗೂ ಇಕ್ವಿಪ್‌ಮೆಂಟ್ ರೂಮಿನವನಿಗೂ ವಾರಕ್ಕೊಮ್ಮೆ ಕಾಫಿ ಕೊಡಿಸುತ್ತೇನೆ. ಗ್ರೂಪ್ ಟೆಕ್ಸ್ಟ್ ಕಳಿಸುವುದಿಲ್ಲ.

ಫೆಬ್ರವರಿಯ ಬಜೆಟ್ ಮೀಟಿಂಗಿನಲ್ಲಿ ಆ ಸಾಫ್ಟ್‌ವೇರನ್ನು ನವೀಕರಿಸಲಿಲ್ಲ. "ಸೆಂಟರ್‌ನನ್ನು 97ಕ್ಕೆ ಇಟ್ಟ ಡಬ್ಬಾ" ಎಂದ ಡೈರೆಕ್ಟರ್. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಹಾಗಾಗಿ ಈಗ ಪ್ರತಿ ಭಾನುವಾರ ಫಿಲ್ಮ್ ನಿಲ್ಲಿಸಿ ನಿಲ್ಲಿಸಿ, ಸ್ನ್ಯಾಪ್‌ಗಳನ್ನು ನಾನೇ ಕೈಯಾರೆ ಎಣಿಸಿ ಎಕ್ಸೆಲ್‌ಗೆ ತುಂಬುತ್ತೇನೆ. ಮುಗಿಯುವಷ್ಟರಲ್ಲಿ ರಾತ್ರಿ ಒಂದೂವರೆ ಆಗಿರುತ್ತದೆ.