ಇರಾಕಿನಲ್ಲಿ ಅಮೆರಿಕ ಗೆದ್ದದ್ದೇನು?

"ಇರಾಕಿನಲ್ಲಿ ಅಮೆರಿಕ ಗೆದ್ದಿತು, ಸ್ವಲ್ಪ ದುಬಾರಿಯಾಯಿತು ಅಷ್ಟೆ" ಎಂದು ಗೆಳೆಯರೊಬ್ಬರು ಮೊನ್ನೆ ವಾದಿಸಿದರು. ಆ 'ಅಷ್ಟೆ'ಯನ್ನು ಒಪ್ಪಿಕೊಳ್ಳುವುದು ನನ್ನಿಂದ ಈವರೆಗೂ ಆಗಿಲ್ಲ.

ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2003ರ ಮಾರ್ಚ್ 20ರಂದು ಆರಂಭವಾದ ದಾಳಿಗೆ ಬಾಗ್ದಾದ್ ಮೂರೇ ವಾರಗಳಲ್ಲಿ ಶರಣಾಯಿತು. ಏಪ್ರಿಲ್ 9ರಂದು ಫಿರ್ದೋಸ್ ಚೌಕದಲ್ಲಿ ಸದ್ದಾಂ ಹುಸೇನರ ಪ್ರತಿಮೆಯನ್ನು ಉರುಳಿಸುವ ಮೊದಲು ಸೈನಿಕನೊಬ್ಬ ಅದರ ಮುಖಕ್ಕೆ ಅಮೆರಿಕದ ಬಾವುಟ ಹೊದಿಸಿದ. ತುಸು ಹೊತ್ತಿನಲ್ಲೇ ಅದನ್ನು ತೆಗೆದು ಇರಾಕಿನ ಬಾವುಟ ತರಲಾಯಿತು. (ಗೆಲುವು ಯಾರದೆಂಬ ಗೊಂದಲ ಅಲ್ಲಿಂದಲೇ ಶುರುವಾಯಿತೇನೋ.) ಮೇ 1ರಂದು 'ಅಬ್ರಹಾಂ ಲಿಂಕನ್' ಯುದ್ಧನೌಕೆಯಲ್ಲಿ ಅಧ್ಯಕ್ಷ ಬುಷ್ ಭಾಷಣ ಮಾಡಿದಾಗ 'ಮಿಷನ್ ಅಕಾಂಪ್ಲಿಷ್ಡ್' ಎಂಬ ಬ್ಯಾನರ್ ಮೇಲೆ ತೂಗುತ್ತಿತ್ತು. ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ ಅಂದು ಇನ್ನೂ 200 ಮುಟ್ಟಿರಲಿಲ್ಲ. 2011ರ ಹೊತ್ತಿಗೆ ಅದು ಸುಮಾರು 4,500 ಆಗಿತ್ತು. ಇರಾಕಿನ ನಾಗರಿಕರ ಸಾವು ಲಕ್ಷವನ್ನು ದಾಟಿತ್ತು.

ನನ್ನ ತಕರಾರು ಖರ್ಚಿನದಲ್ಲ, ಅಳತೆಗೋಲಿನದು. ಯುದ್ಧಕ್ಕೆ ಮುಂದಿಟ್ಟ ಮುಖ್ಯ ಕಾರಣ ಸಾಮೂಹಿಕ ವಿನಾಶದ ಅಸ್ತ್ರಗಳು; ಅವುಗಳ ದಾಸ್ತಾನು ಇರಲೇ ಇಲ್ಲವೆಂದು ಅಮೆರಿಕವೇ ಕಳುಹಿಸಿದ ಶೋಧ ತಂಡ 2004ರಲ್ಲಿ ವರದಿ ಕೊಟ್ಟಿತು. ಅಲ್ಲಿಂದಾಚೆಗೆ ಪ್ರಜಾಪ್ರಭುತ್ವವೇ ಗುರಿಯೆಂಬ ಮಾತು ಜೋರಾಯಿತು. 2005ರ ಜನವರಿಯ ಚುನಾವಣೆಯಲ್ಲಿ, ಬಾಂಬಿನ ಭಯದ ನಡುವೆಯೂ ಮತ ಹಾಕಿ ಬಂದವರು ಶಾಯಿ ಹಚ್ಚಿದ ಬೆರಳನ್ನು ಎತ್ತಿ ತೋರಿಸಿದ್ದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ 2007ರಲ್ಲಿ ಹೆಚ್ಚುವರಿ ಪಡೆಗಳನ್ನು ಕಳುಹಿಸುವಾಗ, ಬಾಗ್ದಾದಿನ ಬೀದಿಗಳಲ್ಲಿ ಹೆಣ ಬೀಳುವುದು ಕಡಿಮೆಯಾದರೆ ಅದೇ ಯಶಸ್ಸು ಎಂಬಲ್ಲಿಗೆ ಮಾತು ಬಂದು ನಿಂತಿತ್ತು. ಬಾಣ ನಾಟಿದಲ್ಲೆಲ್ಲ ಗುರಿಯ ವೃತ್ತ ಬರೆಯುತ್ತ ಹೋದರೆ ಯಾವ ಬಾಣವೂ ತಪ್ಪುವುದಿಲ್ಲ.

ವೆಚ್ಚದ ಕಥೆಯೂ ಇಂಥದೇ. ಯುದ್ಧಕ್ಕೆ ಮುನ್ನ ಶ್ವೇತಭವನದ ಬಜೆಟ್ ಮುಖ್ಯಸ್ಥರು ಅಂದಾಜಿಸಿದ್ದು 5,000ದಿಂದ 6,000 ಕೋಟಿ ಡಾಲರ್. ಕೊನೆಗೆ ಮಂಜೂರಾದದ್ದು ಸುಮಾರು 80,000 ಕೋಟಿ.

ಸೇನೆ ತನಗೊಪ್ಪಿಸಿದ ಕೆಲಸವನ್ನು ಮೂರು ವಾರಗಳಲ್ಲಿ ಮುಗಿಸಿತು ಎಂಬುದನ್ನು ನಾನು ಒಪ್ಪುತ್ತೇನೆ; ಕೆಡಿಸಿದವರು ಅದರ ಮೇಲಿನವರು. 2003ರ ಮೇ ತಿಂಗಳಲ್ಲಿ ಇರಾಕಿನ ಸೇನೆಯನ್ನೇ ವಿಸರ್ಜಿಸಿದ ಆದೇಶವೊಂದು, ಬಂದೂಕು ಹಿಡಿಯಲು ಬಲ್ಲ ಲಕ್ಷಾಂತರ ಜನರನ್ನು ಸಂಬಳವಿಲ್ಲದೆ ಮನೆಗಟ್ಟಿತು. ಅವರಲ್ಲಿ ಕೆಲವು ಅಧಿಕಾರಿಗಳು ಮುಂದೆ ಐಸಿಸ್‌ನ ಸೇನಾನಿಗಳಾದರು.

2011ರ ಡಿಸೆಂಬರ್ 18ರ ನಸುಕಿನಲ್ಲಿ ಅಮೆರಿಕದ ಕೊನೆಯ ವಾಹನಗಳ ಸಾಲು ಗಡಿ ದಾಟಿ ಕುವೈತ್ ಸೇರಿತು. ಗೆಳೆಯರ ಲೆಕ್ಕದಲ್ಲಿ ಯುದ್ಧ ಮುಗಿದದ್ದು, ಗೆದ್ದದ್ದು, ಆಗಲೇ. 2014ರ ಜೂನ್‌ನಲ್ಲಿ ಐಸಿಸ್ ಮೊಸುಲ್ ನಗರವನ್ನು ಹಿಡಿದ ಮೇಲೆ ಅಮೆರಿಕದ ಸೈನಿಕರು ಮತ್ತೆ ಅದೇ ದೇಶಕ್ಕೆ ಏಕೆ ಹೋಗಬೇಕಾಯಿತು ಎಂದು ಕೇಳಿದೆ. "ಅದು ಬೇರೆಯೇ ಯುದ್ಧ" ಎಂದರು.