ಪೀಕ್ 38 ಅಂದ್ರ ಏನ್ರಿ?

ಇವತ್ತ ವಿಜಯಪುರದಾಗ ಐಸಿಯು ರೌಂಡ್ಸ್ ಹೊತ್ತಿಗೆ ವೆಂಟಿಲೇಟರ್ ಮ್ಯಾಲಿದ್ದ ಪೇಶಂಟ್ ನೋಡಿ ಜೂನಿಯರ್ ಒಬ್ಬ, "ಸರ್, ಪೀಕ್ ಪ್ರೆಶರ್ 38 ಆಗೇತ್ರಿ, ಶ್ವಾಸಕೋಶ ಬಿರುಸಾತೇನ್ರಿ?" ಅಂದ.

ಪೀಕ್ ಅಂದ್ರ ಮಷೀನ್ ಗಾಳಿ ತಳ್ಳುವಾಗಿನ ಗರಿಷ್ಠ ಒತ್ತಡ, ಸೆಂ.ಮೀ. ನೀರಿನ ಲೆಕ್ಕದಾಗ. ಬರೇ ಅದನ್ನ ನೋಡಿ ಹೇಳಾಕ ಬರೂದಿಲ್ಲ.

ಇನ್‌ಸ್ಪಿರೇಟರಿ ಹೋಲ್ಡ್ (ಉಸಿರು ಒಳಗ ಹೋದ ಮ್ಯಾಲ ತಡಿಯೂ ಬಟನ್) ಒತ್ರಿ, ಅರ್ಧ ಸೆಕೆಂಡ್ ತಡೀರಿ. ಗಾಳಿ ಹರಿಯೂದು ನಿಲ್ಲತೈತಿ, ಒತ್ತಡ 28ಕ್ಕ ಇಳೀತೈತಿ.
ಇಳಿದ ಆ 10 ಅನ್ನೂದು ಉಸಿರಿನ ಟ್ಯೂಬು, ಶ್ವಾಸನಾಳ ಎರಡರ ಪಾಲು. ಫ್ಲೋ ನಿಮಿಷಕ್ಕ 60 ಲೀಟರ್ ಸಮನಾಗಿ ಹೊಂಟಿದ್ರ ಅದೇನ್ ಭಾಳ ಅಲ್ಲ. ಇದ ಇಪ್ಪತ್ತು, ಮೂವತ್ತು ಆದ್ರ ಕಫ ನೋಡ್ರಿ, ಟ್ಯೂಬ್ ಮಡಚೇತೇನು ನೋಡ್ರಿ.
28ರಾಗ ಪೀಪ್ (ಉಸಿರು ಬಿಟ್ಟ ಮ್ಯಾಲೂ ಒಳಗ ಉಳಿಯೂ ಒತ್ತಡ) 10 ಕಳದ್ರ 18. ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) 360 ಎಂಎಲ್ ಆ 18ರಿಂದ ಭಾಗಿಸಿದ್ರ ಕಂಪ್ಲಾಯನ್ಸ್ (ಎಷ್ಟು ಸಲೀಸಾಗಿ ಹಿಗ್ಗತೈತಿ ಅನ್ನೂ ಅಳತಿ, ಕಡಿಮಿ ಆದಷ್ಟು ಬಿರುಸು) 20. ಬಿರುಸಾಗೇತಿ ಖರೇ, ಆದ್ರ ಅದನ್ನ ಹೇಳಿದ್ದು 28, 38 ಅಲ್ಲ.

ಈ ಲೆಕ್ಕಕ್ಕ ಇಡೀ ಎದಿ ಅಂದ್ರ ಒಂದು ಕೊಳವಿ, ಒಂದು ಬಲೂನು, ಅಷ್ಟ. ಪೇಶಂಟ್ ತಾನ ಉಸಿರು ಎಳಕೊಂಡ್ರ ಮಾಡೆಲ್‌ಗೆ ಅದರ ಸುದ್ದಿನ ಇಲ್ಲ. ಹೋಲ್ಡ್‌ನಾಗ ಗೆರಿ ಮಟ್ಟಸ ನಿಲ್ಲದಿದ್ರ ಆ ಅಂಕಿ ಬರಕೊಬ್ಯಾಡ್ರಿ.

ಬೀಡಿ ಸೇದಿ ಸಿಒಪಿಡಿ (ಶ್ವಾಸನಾಳ ಕಿರಿದಾಗೂ ರೋಗ) ಆದವರಿಗೆ ಎಕ್ಸ್‌ಪಿರೇಟರಿ ಹೋಲ್ಡೂ (ಉಸಿರು ಬಿಟ್ಟ ಮ್ಯಾಲ ತಡಿಯೂದು) ಮಾಡ್ರಿ. ಗಾಳಿ ಒಳಗ ಸಿಕ್ಕೊಂಡಿರತೈತಿ. ಕಳಿಯೂದು ಸೆಟ್ ಮಾಡಿದ ಪೀಪ್ ಅಲ್ಲ, ಒಟ್ಟು ಪೀಪ್.